ಕಷ್ಟಕಾಲದಲ್ಲಿ ದೇವರ ಮೇಲಿನ ಭರವಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಷ್ಟ ಹೇಳಿ ಕೇಳಿ ಬರುವುದಿಲ್ಲ. ಬೆಳಿಗ್ಗೆ ನಗುತ್ತ ಮನೆಯಿಂದ ಹೊರಟವರು ಸಂಜೆಗೆ ಮರಳದಿರಬಹುದು, ವರ್ಷಗಟ್ಟಲೆ ದುಡಿದ ಕೆಲಸ ಒಂದೇ ಪತ್ರದಲ್ಲಿ ಮುಗಿದುಹೋಗಬಹುದು, ಸುಮ್ಮನೆ ಮಾಡಿಸಿದ ರಕ್ತಪರೀಕ್ಷೆಯ ವರದಿಯಲ್ಲಿ ಹಿಂದೆಂದೂ ಕೇಳಿರದ ಕಾಯಿಲೆಯ ಹೆಸರು ಕಾಣಿಸಬಹುದು. ಅಂಥ ದಿನಗಳಲ್ಲಿ ದೇವರನ್ನು ನಂಬುವವರ ಮನಸ್ಸಿನಲ್ಲಿ ಏಳುವ, ಆದರೆ ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಉತ್ತರಗಳಲ್ಲಿ ಬೇರೆ ಬೇರೆ ಮತಗಳ ಗ್ರಂಥಗಳ ಮಾತು ಬರುತ್ತದೆ. ಕಷ್ಟವೇ ಮತ ನೋಡಿ ಬರುವುದಿಲ್ಲವಾದ್ದರಿಂದ, ಅದನ್ನು ತಾಳಿಕೊಂಡವರ ಅನುಭವವನ್ನು ಮಾತ್ರ ಹಾಗೆ ವಿಂಗಡಿಸಿ ಇಡಬೇಕಾಗಿಲ್ಲ ಎಂದು ನನ್ನ ತಿಳಿವಳಿಕೆ.

ದೇವರಲ್ಲಿ ಭರವಸೆ ಇಡುವುದು ಎಂದರೆ ಏನು?

ಕನ್ನಡದಲ್ಲಿ ‘ದೇವರು ಇದ್ದಾನೆ ಎಂದು ನಂಬುತ್ತೇನೆ’ ಎನ್ನುವುದಕ್ಕೂ ‘ದೇವರನ್ನು ನಂಬುತ್ತೇನೆ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಒಂದು ಅಭಿಪ್ರಾಯ; ಎರಡನೆಯದು ಒಂದು ಸಂಬಂಧ. ಊರಿನಲ್ಲಿ ಒಬ್ಬ ವೈದ್ಯರಿದ್ದಾರೆಂದು ತಿಳಿದಿರುವವರೆಲ್ಲರೂ ಅವರ ಮುಂದೆ ಶಸ್ತ್ರಚಿಕಿತ್ಸೆಗೆ ಮಲಗುವುದಿಲ್ಲ. ಭರವಸೆಯೆಂದರೆ ಹಾಗೆ ಮಲಗುವುದಕ್ಕೆ ಹತ್ತಿರವಾದ ಸಂಗತಿ.

ನನಗೆ ಬೇಕಾದದ್ದೇ ನಡೆಯುತ್ತದೆ ಎಂಬ ಖಾತರಿಯನ್ನು ಅನೇಕರು ಭರವಸೆಯೆಂದು ತಿಳಿದುಕೊಳ್ಳುತ್ತಾರೆ. ಶ್ರೀವೈಷ್ಣವ ಸಂಪ್ರದಾಯವು ಶರಣಾಗತಿಗೆ ಆರು ಅಂಗಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ‘ರಕ್ಷಿಷ್ಯತೀತಿ ವಿಶ್ವಾಸಃ’, ಅಂದರೆ ಕಾಪಾಡುತ್ತಾನೆ ಎಂಬ ವಿಶ್ವಾಸ. ಹೇಗೆ ಕಾಪಾಡುತ್ತಾನೆ, ಯಾವಾಗ, ಯಾವುದನ್ನು ಉಳಿಸಿ ಯಾವುದನ್ನು ಬಿಟ್ಟು ಎಂಬುದನ್ನು ಆ ಮಾತು ಹೇಳುವುದಿಲ್ಲ. ಹೇಳದೆ ಬಿಟ್ಟಿರುವ ಆ ಜಾಗದಲ್ಲಿಯೇ ನಮ್ಮ ಕಳವಳವೆಲ್ಲ ಮನೆಮಾಡಿರುತ್ತದೆ.

ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೇ’ ಎಂಬ ಕೀರ್ತನೆಯನ್ನು ಕೇಳದ ಕನ್ನಡಿಗರು ವಿರಳ. ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು, ಕಲ್ಲಿನೊಳಗಿನ ಕಪ್ಪೆಗೆ ಆಹಾರವಿತ್ತವರು ಯಾರು ಎಂದು ಅದು ಕೇಳುತ್ತ ಹೋಗುತ್ತದೆ. ಅದರಲ್ಲಿ ನನ್ನ ಗಮನ ಸೆಳೆಯುವುದು ‘ಮನವೇ’ ಎಂಬ ಸಂಬೋಧನೆ. ದಾಸರು ತಾಳು ಎಂದು ಹೇಳುತ್ತಿರುವುದು ಪಕ್ಕದಲ್ಲಿ ಅಳುತ್ತಿರುವವರಿಗಲ್ಲ, ತಮ್ಮ ಮನಸ್ಸಿಗೆ. ತಲ್ಲಣ ಇರುವುದರಿಂದಲೇ ಆ ಮಾತನ್ನು ಹೇಳಿಕೊಳ್ಳಬೇಕಾಗಿ ಬಂದಿದೆ. ಭರವಸೆಯ ಮಾತು ಮೊದಲು ತನಗೆ ತಾನು ಹೇಳಿಕೊಳ್ಳುವ ಮಾತು ಎಂಬ ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಅನೇಕ ಪ್ರಶ್ನೆಗಳ ಗಂಟು ಸಡಿಲವಾಗುತ್ತದೆ.

ದೇವರನ್ನು ನಂಬಿದವರಿಗೇ ಕಷ್ಟ ಹೆಚ್ಚು ಎನ್ನುತ್ತಾರೆ, ನಿಜವೇ?

ಹಾಗೆ ಹೇಳಲು ಆಧಾರವಿಲ್ಲ. ನಂಬಿದವರು ಏಕೆ ಎಂದು ಕೇಳುತ್ತಾರೆ, ಕೇಳಲು ಅವರಿಗೊಬ್ಬನಿದ್ದಾನೆ. ಅದರಿಂದ ಅವರ ಕಷ್ಟ ಹೆಚ್ಚಾಗಿ ಕೇಳಿಸುತ್ತದೆ, ಅಷ್ಟೆ. ಆದರೆ ನಂಬಿದವರಿಗೆ ಕಷ್ಟ ಬರುವುದಿಲ್ಲ ಎಂದು ಯಾವ ಧರ್ಮಗ್ರಂಥವೂ ಮಾತು ಕೊಟ್ಟಿಲ್ಲ. ಹರಿಶ್ಚಂದ್ರನೂ ಪಾಂಡವರೂ ಬೈಬಲಿನ ಯೋಬನೂ ಕಷ್ಟಪಟ್ಟದ್ದು ಅವರು ನಂಬಿಕೆ ತಪ್ಪಿದ್ದರಿಂದಲ್ಲ.

ದೇವರು ಕರುಣಾಮಯಿಯೂ ಸರ್ವಶಕ್ತನೂ ಆಗಿದ್ದರೆ ಈ ಸಂಕಟವನ್ನು ಏಕೆ ತಡೆಯುವುದಿಲ್ಲ?

ಇದು ಹೊಸ ಪ್ರಶ್ನೆಯಲ್ಲ, ಅಪಚಾರದ ಪ್ರಶ್ನೆಯೂ ಅಲ್ಲ. ವೇದಾಂತದ ಮೂಲಗ್ರಂಥಗಳಲ್ಲೊಂದಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ‘ವೈಷಮ್ಯನೈರ್ಘೃಣ್ಯೇ ನ’ ಎಂದು ಆರಂಭವಾಗುವ ಸೂತ್ರವೊಂದಿದೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯಲ್ಲವೇ, ನಿರ್ದಯನಲ್ಲವೇ ಎಂಬ ಆಪಾದನೆಯನ್ನು ಎದುರಿಟ್ಟುಕೊಂಡು ಉತ್ತರಿಸಲು ಹೊರಟ ಸೂತ್ರವದು. ಶಂಕರರು ತಮ್ಮ ಭಾಷ್ಯದಲ್ಲಿ ಮಳೆಯ ಹೋಲಿಕೆ ಕೊಡುತ್ತಾರೆ: ಮಳೆ ಎಲ್ಲ ಬೀಜಕ್ಕೂ ಒಂದೇ, ಆದರೆ ಭತ್ತದ ಬೀಜದಿಂದ ಭತ್ತ, ಯವದ ಬೀಜದಿಂದ ಯವ, ವ್ಯತ್ಯಾಸ ಬೀಜದ್ದು, ಮಳೆಯದ್ದಲ್ಲ. ಶಾಸ್ತ್ರದ ನೆಲೆಯಲ್ಲಿ ಇದು ಗಟ್ಟಿಯಾದ ಉತ್ತರ. ಆದರೆ ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಇದನ್ನು ಹೇಳಬಲ್ಲೆನೇ ಎಂದು ಕೇಳಿಕೊಂಡಾಗ ನನ್ನ ನಾಲಿಗೆ ಏಳುವುದಿಲ್ಲ.

ಯುರೋಪಿನಲ್ಲಿ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ, ಇರಬಹುದಾದ ಜಗತ್ತುಗಳಲ್ಲೆಲ್ಲ ಇದೇ ಅತ್ಯುತ್ತಮವೆಂಬ ವಾದವನ್ನು ಮಂಡಿಸಿದ. ಅದಾದ 45 ವರ್ಷಗಳಿಗೆ, 1755ರ ನವೆಂಬರ್ 1ರ ಬೆಳಿಗ್ಗೆ, ಸಕಲ ಸಂತರ ಹಬ್ಬದ ದಿನ, ಜನ ಚರ್ಚುಗಳಲ್ಲಿ ತುಂಬಿದ್ದ ಹೊತ್ತಿನಲ್ಲಿ ಪೋರ್ಚುಗಲ್‌ನ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿಯಿತು. ಆಮೇಲೆ ಸಮುದ್ರ ಉಕ್ಕಿತು, ಉಳಿದದ್ದಕ್ಕೆ ಬೆಂಕಿ ಹತ್ತಿತು. ಪ್ರಾರ್ಥನೆಗೆಂದು ಬಂದವರ ಮೇಲೆಯೇ ಛಾವಣಿ ಬಿದ್ದಿತ್ತು. ಆ ವಾದವನ್ನು ಫ್ರೆಂಚ್ ಲೇಖಕ ವೋಲ್ಟೇರ್ ಹಂಗಿಸಿ ಬರೆದದ್ದು ಈ ದುರಂತದ ನಂತರ. ವಾದ ತಾರ್ಕಿಕವಾಗಿ ಸೋತಿತೋ ಇಲ್ಲವೋ ಪಂಡಿತರು ಇನ್ನೂ ಚರ್ಚಿಸುತ್ತಾರೆ. ಅದನ್ನು ಹಿಡಿದುಕೊಂಡು ಅವಶೇಷಗಳ ನಡುವೆ ನಿಲ್ಲುವುದಂತೂ ಕಷ್ಟವಾಯಿತು.

ಯೋಬನ ಗ್ರಂಥ ಇನ್ನೊಂದು ದಾರಿ ಹಿಡಿಯುತ್ತದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬ ಅಧ್ಯಾಯದ ಮೇಲೆ ಅಧ್ಯಾಯ ಏಕೆ ಎಂದು ಕೇಳುತ್ತಾನೆ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ; ಆದರೆ ಕಾರಣ ಹೇಳುವುದಿಲ್ಲ. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಎಂದು ಮರುಪ್ರಶ್ನೆ ಹಾಕುತ್ತಾನೆ. ಮೊದಲ ಬಾರಿ ಓದಿದಾಗ ನನಗಿದು ಉತ್ತರ ತಪ್ಪಿಸಿಕೊಳ್ಳುವ ಉಪಾಯದಂತೆ ಕಂಡಿತ್ತು. ಈಗ ಬೇರೆ ರೀತಿ ಕಾಣುತ್ತದೆ: ಯೋಬನಿಗೆ ವಿವರಣೆ ಸಿಗಲಿಲ್ಲ, ಆದರೆ ಯಾರನ್ನು ಕರೆಯುತ್ತಿದ್ದನೋ ಆತ ಎದುರಿಗೆ ಬಂದ. ಏಕೆ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಉತ್ತರ ಇದೆಯೆಂದು ಬಹಳ ಬೇಗ ಹೇಳುವವರನ್ನು ಕಂಡರೆ ಸ್ವಲ್ಪ ದೂರ ಸರಿಯುತ್ತೇನೆ.

ನನಗೆ ಬಂದ ಕಷ್ಟ ನನ್ನ ಪಾಪದ ಫಲವೇ?

ಕೆಲವು ಕಷ್ಟಗಳಿಗೆ ನಮ್ಮ ನಡೆಯೇ ಕಾರಣವೆಂಬುದು ನಮಗೇ ಗೊತ್ತಿರುತ್ತದೆ. ಕುಡಿದು ವಾಹನ ಓಡಿಸಿ ಕಾಲು ಮುರಿದುಕೊಂಡವನಿಗೆ ಶಾಸ್ತ್ರ ಬೇಕಾಗಿಲ್ಲ. ತಪ್ಪೊಪ್ಪಿಕೊಂಡು ತಿದ್ದಿಕೊಂಡರೆ ಸಾಕು. ಹಾಗೆ ಕಾರಣ ಕಾಣದ ಕಷ್ಟದಲ್ಲಿ, ಎಂದೋ ಮಾಡಿದ ಯಾವುದೋ ತಪ್ಪನ್ನು ರಾತ್ರಿಯೆಲ್ಲ ಹುಡುಕುತ್ತ ಕೂರುವುದು ಕಷ್ಟದ ಮೇಲೆ ಇನ್ನೊಂದು ಕಷ್ಟವನ್ನು ಹೇರಿಕೊಂಡಂತೆ.

ಕರ್ಮಸಿದ್ಧಾಂತವನ್ನು ಒಪ್ಪುವವರೂ ಗೀತೆಯ ‘ಗಹನಾ ಕರ್ಮಣೋ ಗತಿಃ’ ಎಂಬ ಮಾತನ್ನು ಮರೆಯಬಾರದು. ಕರ್ಮದ ದಾರಿ ಗಹನವೆಂದು ಕೃಷ್ಣನೇ ಹೇಳಿರುವಾಗ, ನೆರೆಯವರ ಕಾಯಿಲೆಗೆ ಹಿಂದಿನ ಜನ್ಮದ ಇಂಥದೇ ಕಾರಣವೆಂದು ನಾವು ತೀರ್ಪು ಕೊಡುವುದು ಹೇಗೆ? ಹುಟ್ಟು ಕುರುಡನೊಬ್ಬನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಹೇಳಿದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿದೆ. ಯೋಬನ ಗೆಳೆಯರು ನೀನೇನೋ ತಪ್ಪು ಮಾಡಿರಬೇಕು ಎಂದು ವಾದಿಸಿದರು. ಕಥೆಯ ಕೊನೆಯಲ್ಲಿ ದೇವರು ಗದರಿಸುವುದು ದೂರಿದ ಯೋಬನಿಗಿಂತ ಹೆಚ್ಚಾಗಿ, ದೇವರ ಪರ ವಕಾಲತ್ತು ವಹಿಸಿದ ಆ ಗೆಳೆಯರನ್ನು.

‘ಆಗುವುದೆಲ್ಲ ಒಳ್ಳೆಯದಕ್ಕೇ’ ಎಂಬ ಮಾತನ್ನು ಒಪ್ಪಿಕೊಳ್ಳಲೇಬೇಕೇ?

ನನ್ನ ತಂದೆಯವರು ತೀವ್ರ ನಿಗಾ ಘಟಕದಲ್ಲಿ ಹನ್ನೊಂದು ದಿನ ಇದ್ದರು. ಹೊರಗಿನ ಮೊಗಸಾಲೆಯಲ್ಲಿ ಒಂದಕ್ಕೊಂದು ಜೋಡಿಸಿದ ಉಕ್ಕಿನ ಕುರ್ಚಿಗಳಿದ್ದವು. ಒಬ್ಬರು ಕದಲಿದರೆ ಸಾಲಿನಲ್ಲಿದ್ದವರೆಲ್ಲ ಕದಲುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ಎಲ್ಲರ ಕತ್ತೂ ಒಟ್ಟಿಗೆ ಅತ್ತ ತಿರುಗುತ್ತಿತ್ತು. ಆರನೆಯ ದಿನ ಬಂದ ಸಂಬಂಧಿಯೊಬ್ಬರು ನನ್ನ ಭುಜ ತಟ್ಟಿ, ಆಗುವುದೆಲ್ಲ ಒಳ್ಳೆಯದಕ್ಕೇ ಅಂದುಕೋ ಎಂದರು. ಅವರ ಮನಸ್ಸು ಒಳ್ಳೆಯದೇ. ಆದರೂ ಆ ಮಾತು ಎದೆಗೆ ಕಲ್ಲಿನಂತೆ ಬಿತ್ತು. ಅದೇ ರಾತ್ರಿ ಮೂರು ಗಂಟೆಯ ಸುಮಾರಿಗೆ ಪಕ್ಕದ ಕುರ್ಚಿಯಲ್ಲಿದ್ದ, ಅಲ್ಲಿಯವರೆಗೆ ಪರಿಚಯವೇ ಇರದ ಹಿರಿಯ ಹೆಂಗಸೊಬ್ಬರು ತಮ್ಮ ಶಾಲಿನ ಅರ್ಧವನ್ನು ಏನೂ ಹೇಳದೆ ನನ್ನ ಮೊಣಕಾಲಿನ ಮೇಲೆ ಹೊದಿಸಿದರು. ಅವರ ಪತಿಯೂ ಒಳಗಿದ್ದರು.

ಆ ಎರಡರ ನಡುವಿನ ಅಂತರವೇ ಈ ಪ್ರಶ್ನೆಗೆ ನನ್ನ ಉತ್ತರ. ವರ್ಷಗಳ ನಂತರ ಹಿಂದಿರುಗಿ ನೋಡಿ, ಅದರಿಂದಲೂ ನನಗೊಂದು ಒಳ್ಳೆಯದಾಯಿತು ಎಂದು ಒಬ್ಬರು ತಮ್ಮ ಬಗ್ಗೆ ಹೇಳಿಕೊಂಡರೆ ಅದು ಸಾಕ್ಷಿಯ ಮಾತು. ಅದನ್ನೇ ಇನ್ನೊಬ್ಬರ ಗಾಯ ಹಸಿಯಾಗಿರುವಾಗ ಅವರ ಮೇಲೆ ಹೊರಿಸಿದರೆ ಬಾಯಿ ಮುಚ್ಚಿಸುವ ಮಾತು. ಭಾಗವತದ ಮೊದಲ ಸ್ಕಂಧದಲ್ಲಿ ಕುಂತಿ, ನಮಗೆ ಸದಾ ವಿಪತ್ತುಗಳೇ ಇರಲಿ, ಆಗ ನಿನ್ನ ದರ್ಶನವಾಗುತ್ತದೆ ಎಂದು ಕೃಷ್ಣನನ್ನು ಬೇಡುತ್ತಾಳೆ. ಅರಗಿನ ಮನೆ, ವನವಾಸ, ಯುದ್ಧ ಎಲ್ಲವನ್ನೂ ಕಂಡ ಮೇಲೆ ಆಕೆ ತನ್ನ ಬಾಯಿಂದ ಹೇಳಿದ ಮಾತು ಅದು. ಕುಂತಿಗೆ ಬೇರೆ ಯಾರಾದರೂ ಅದನ್ನು ಹೇಳಿದ್ದರೆ ಭಾಗವತಕಾರರು ಅದನ್ನು ಸ್ತುತಿಯೆಂದು ಬರೆಯುತ್ತಿರಲಿಲ್ಲ.

ದೇವರ ಮೇಲೆ ಕೋಪ ಬರುತ್ತದೆ. ಇದು ತಪ್ಪೇ?

ಕೋಪ ಬರುವುದು ಹತ್ತಿರದವರ ಮೇಲೆ. ಹರಿದಾಸರು ನಿಂದಾಸ್ತುತಿ, ಅಂದರೆ ಬೈಯುತ್ತಲೇ ಹೊಗಳುವುದು, ಎಂಬ ಬಗೆಯನ್ನೇ ಬೆಳೆಸಿದ್ದಾರೆ. ‘ನೀನ್ಯಾಕೋ ನಿನ್ನ ಹಂಗ್ಯಾಕೋ’ ಎಂದು ಪುರಂದರದಾಸರು ವಿಠಲನ ಮುಖಕ್ಕೇ ಹೇಳುತ್ತಾರೆ, ನಿನ್ನ ನಾಮದ ಬಲವೊಂದಿದ್ದರೆ ಸಾಕು ಎಂದು ಮುಗಿಸುತ್ತಾರೆ. ಬೈಗುಳವೂ ಆತನ ಕಡೆಗೇ, ಮೊರೆಯೂ ಆತನ ಕಡೆಗೇ.

ಬೈಬಲಿನ 150 ಕೀರ್ತನೆಗಳಲ್ಲಿ ದೂರು ಮತ್ತು ಗೋಳಿನ ಕೀರ್ತನೆಗಳೇ ದೊಡ್ಡ ಪಾಲು. 13ನೆಯ ಕೀರ್ತನೆ ಮೊದಲ ಎರಡು ವಚನಗಳಲ್ಲಿಯೇ ‘ಎಷ್ಟರವರೆಗೆ’ ಎಂದು ನಾಲ್ಕು ಬಾರಿ ಕೇಳುತ್ತದೆ. 88ನೆಯದು ಹಲವು ಗೋಳಿನ ಕೀರ್ತನೆಗಳಂತೆ ಕೊನೆಗೆ ಸಮಾಧಾನಕ್ಕೆ ತಿರುಗುವುದೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ ಕತ್ತಲೆ. ಅದನ್ನು ಪವಿತ್ರಗ್ರಂಥದಿಂದ ಕಿತ್ತುಹಾಕದೆ ಪ್ರಾರ್ಥನೆಯೆಂದೇ ಉಳಿಸಿಕೊಂಡು ಬಂದಿದ್ದಾರೆ. ಶಿಲುಬೆಯ ಮೇಲೆ ಯೇಸುವಿನ ಬಾಯಲ್ಲಿ ಬಂದದ್ದು 22ನೆಯ ಕೀರ್ತನೆಯ ಮೊದಲ ಸಾಲು: ನನ್ನ ದೇವರೇ, ನನ್ನನ್ನು ಏಕೆ ಕೈಬಿಟ್ಟೆ ಎಂಬುದು. ಕೈಬಿಟ್ಟವನನ್ನೇ ‘ನನ್ನ’ ದೇವರೇ ಎಂದು ಕರೆಯುವ ಆ ಸಾಲಿನಲ್ಲಿ ಕೋಪವೂ ನಂಬಿಕೆಯೂ ಒಂದೇ ಉಸಿರಿನಲ್ಲಿವೆ.

ಆದ್ದರಿಂದ ಕೋಪಿಸಿಕೊಳ್ಳಿ, ಜಗಳವಾಡಿ. ಮಾತು ಬಿಡುವುದಷ್ಟೇ ಬೇಡ. ಇಂಥ ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳುತ್ತೇವೆ ಎಂಬುದನ್ನು ಮಾತ್ರ ಗಮನಿಸಬೇಕು. ದೇವರ ಮೇಲಿನ ಸಿಟ್ಟು ಎಷ್ಟೋ ಸಲ ಮನೆಯಲ್ಲಿರುವ ದುರ್ಬಲರ ಮೇಲೆ ಇಳಿಯುತ್ತದೆ.

ಮನಸಾರೆ ಪ್ರಾರ್ಥಿಸಿದೆ, ಆದರೂ ಆಗಲಿಲ್ಲ. ನನ್ನ ನಂಬಿಕೆ ಸಾಲದೇ ಹೋಯಿತೇ?

ಇಲ್ಲ. ನಂಬಿಕೆ ಇಷ್ಟು ತೂಕವಿದ್ದರೆ ಇಷ್ಟು ಫಲ ಎಂಬ ಲೆಕ್ಕವೇ ಸರಿಯಲ್ಲ; ಅದು ಪ್ರಾರ್ಥನೆಯನ್ನು ವ್ಯಾಪಾರ ಮಾಡುತ್ತದೆ, ಸೋತವರ ಮೇಲೆ ಅಪವಾದ ಹೊರಿಸುತ್ತದೆ. ಗೆತ್ಸೇಮನೆ ತೋಟದಲ್ಲಿ ಯೇಸು ಈ ಪಾತ್ರೆ, ಅಂದರೆ ಮುಂದೆ ಕಾದಿದ್ದ ಯಾತನೆ, ನನ್ನಿಂದ ತೊಲಗಲಿ ಎಂದು ಮೂರು ಸಲ ಪ್ರಾರ್ಥಿಸಿದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಅದು ತೊಲಗಲಿಲ್ಲ. ಕುರ್‌ಆನ್‌ನಲ್ಲಿ ಯಾಕೂಬ್ ಪ್ರವಾದಿ, ಮಗ ಯೂಸುಫನ ಅಗಲಿಕೆಯಲ್ಲಿ ಕಣ್ಣು ಬಿಳಿಚಿ ಹೋಗುವಷ್ಟು ದುಃಖಪಡುತ್ತಾನೆ. ‘ಸುಂದರವಾದ ಸಹನೆ’ ಎಂಬ ಮಾತನ್ನು ಆಡಿದವನೂ ಆತನೇ. ಸಹನೆಗೂ ಕಣ್ಣೀರಿಗೂ ವಿರೋಧವಿಲ್ಲವೆಂಬುದು ಅಲ್ಲಿಂದ ತಿಳಿಯುತ್ತದೆ.

ಬೇಡಿದ್ದು ಸಿಗದಿದ್ದಾಗ ಬೇಡುವುದನ್ನು ನಿಲ್ಲಿಸಬೇಕೆಂದೇನೂ ಇಲ್ಲ. ಬೇಡಿಕೆ ಕ್ರಮೇಣ ಬದಲಾಗುವುದನ್ನು ಅನೇಕರು ಕಂಡಿದ್ದಾರೆ. ನಾನು ಹನ್ನೊಂದು ದಿನಗಳ ಮೊದಲಲ್ಲಿ ಬೇಡಿದ್ದು ತಂದೆಯವರು ಎದ್ದು ಮನೆಗೆ ಬರಲಿ ಎಂದು. ಕೊನೆಯಲ್ಲಿ ಬೇಡಿದ್ದು ಅವರಿಗೆ ನೋವಾಗದಿರಲಿ ಎಂದು. ಮೊದಲನೆಯದು ಈಡೇರಲಿಲ್ಲ.

ಪ್ರಾರ್ಥನೆ ಮಾಡಲು ಕೂಡ ಆಗುತ್ತಿಲ್ಲ. ಏನು ಮಾಡಲಿ?

ಒಂದು ಹೆಸರು ಸಾಕು. ಅದೂ ಆಗದಿದ್ದರೆ, ಬೇರೆಯವರು ನಿಮಗಾಗಿ ಪ್ರಾರ್ಥಿಸುತ್ತಿರಲಿ. ನೀವು ಊಟಮಾಡಿ, ನಿದ್ದೆ ಮಾಡಿ. ಬಾಯಿಪಾಠವಿರುವ ಶ್ಲೋಕ, ವಚನ, ಜಪಗಳು ಇಂಥ ಹೊತ್ತಿಗೆ ಒದಗುತ್ತವೆ. ಸ್ವಂತ ಮಾತು ಬತ್ತಿಹೋದಾಗ ಹಿರಿಯರು ಬಿಟ್ಟುಹೋದ ಮಾತನ್ನು ಅರ್ಥದ ಗೊಡವೆಯಿಲ್ಲದೆ ಹೇಳಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ದೇವರ ಮೇಲೆ ಭಾರ ಹಾಕಿದ ಮೇಲೆ ನಾವು ಪ್ರಯತ್ನಪಡುವ ಅಗತ್ಯವಿದೆಯೇ?

ಈ ಪ್ರಶ್ನೆಯ ಮೇಲೆ ಶ್ರೀವೈಷ್ಣವರಲ್ಲಿ ಎರಡು ಪಂಥಗಳೇ ಆದವು. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬೆಕ್ಕಿನ ಮರಿ ಸುಮ್ಮನಿರುತ್ತದೆ, ತಾಯಿಯೇ ಕತ್ತು ಕಚ್ಚಿ ಒಯ್ಯುತ್ತದೆ. ಮರ್ಕಟಕಿಶೋರ ನ್ಯಾಯವನ್ನು ವಡಗಲೆಯವರೂ ಮಾರ್ಜಾಲಕಿಶೋರ ನ್ಯಾಯವನ್ನು ತೆಂಗಲೆಯವರೂ ಎತ್ತಿಹಿಡಿಯುತ್ತಾರೆ. ಶತಮಾನಗಳ ಈ ಚರ್ಚೆಯನ್ನು ನಾನಿಲ್ಲಿ ತೀರ್ಮಾನಿಸಲಾರೆ. ಬದುಕಿನಲ್ಲಿ ಕಂಡದ್ದನ್ನು ಹೇಳುವುದಾದರೆ, ಒಬ್ಬನೇ ಮನುಷ್ಯ ಬೆಳಿಗ್ಗೆ ಮಂಗನ ಮರಿಯಾಗಿದ್ದು ಸಂಜೆಗೆ, ಕೈ ಸೋತಾಗ, ಬೆಕ್ಕಿನ ಮರಿಯಾಗುತ್ತಾನೆ.

ಕೈಯಲ್ಲಿ ಬಲವಿರುವಷ್ಟು ಹೊತ್ತು ಮಾಡಬೇಕಾದದ್ದನ್ನು ಮಾಡಲೇಬೇಕು. ಒಂಟೆಯನ್ನು ಕಟ್ಟಿಹಾಕಿ ದೇವರ ಮೇಲೆ ಭರವಸೆ ಇಡಲೇ, ಕಟ್ಟದೆ ಬಿಟ್ಟು ಇಡಲೇ ಎಂದು ಒಬ್ಬ ಕೇಳಿದಾಗ, ಕಟ್ಟು, ಆಮೇಲೆ ಭರವಸೆ ಇಡು ಎಂದು ಪ್ರವಾದಿ ಮುಹಮ್ಮದರು ಹೇಳಿದ್ದಾಗಿ, ಅವರ ನಡೆನುಡಿಗಳ ವರದಿಯಾದ ಹದೀಸಿನಲ್ಲಿದೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಶೀತೋಷ್ಣ ಸುಖದುಃಖಗಳು ಬಂದು ಹೋಗುವಂಥವು, ಅವನ್ನು ಸಹಿಸು ಎಂದು ಕೃಷ್ಣ ಹೇಳುವುದು 14ನೆಯ ಶ್ಲೋಕದಲ್ಲಿ. ಆದ್ದರಿಂದ ಯುದ್ಧಮಾಡು ಎನ್ನುವುದು 18ನೆಯದರಲ್ಲಿ. ಸಹಿಸು ಎಂಬುದಕ್ಕೂ ಎದ್ದು ಕೆಲಸ ಮಾಡು ಎಂಬುದಕ್ಕೂ ನಡುವೆ ಇರುವುದು ಮೂರೇ ಶ್ಲೋಕ. ಔಷಧ ತೆಗೆದುಕೊಳ್ಳುವುದು, ಸಾಲದ ಲೆಕ್ಕ ಬರೆದು ಕೂರುವುದು, ಹೊಸ ಕೆಲಸಕ್ಕೆ ಅರ್ಜಿ ಹಾಕುವುದು, ವಕೀಲರನ್ನು ಕಾಣುವುದು, ಇವು ಯಾವುವೂ ನಂಬಿಕೆಯ ಕೊರತೆಯಲ್ಲ.

ತಾಳ್ಮೆ ಎಂದರೆ ಎಲ್ಲವನ್ನೂ ಸಹಿಸಿಕೊಂಡು ಇರುವುದೇ?

ಅಲ್ಲ, ಮತ್ತು ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಭೂಕಂಪವೋ ಕ್ಯಾನ್ಸರೋ ಒಬ್ಬ ಮನುಷ್ಯ ಇನ್ನೊಬ್ಬರಿಗೆ ಮಾಡುವ ಅನ್ಯಾಯವಲ್ಲ. ಮನೆಯೊಳಗಿನ ಹೊಡೆತ, ಕೆಲಸದ ಜಾಗದ ಕಿರುಕುಳ, ವಂಚನೆ, ಇವು ಅನ್ಯಾಯಗಳು. ತಡೆಯಲಾಗದ್ದನ್ನು ತಾಳುವುದು ತಾಳ್ಮೆ. ತಡೆಯಬಹುದಾದ ಅನ್ಯಾಯವನ್ನು ದೇವರ ಇಚ್ಛೆಯೆಂದು ಹೇಳಿ ಸಹಿಸಿಕೊಳ್ಳುವಂತೆ ಒತ್ತಾಯಿಸುವುದು ಅನ್ಯಾಯ ಮಾಡಿದವನ ಕೈ ಬಲಪಡಿಸಿದಂತೆ. ಹೊಡೆಯುವ ಗಂಡನ ಮನೆಯಿಂದ ಹೊರಬಂದ ಹೆಣ್ಣುಮಗಳಿಗೆ ತಾಳ್ಮೆಯ ಪಾಠ ಹೇಳುವವರು, ಆ ಪಾಠವನ್ನು ಆ ಗಂಡನಿಗೆ ಏಕೆ ಹೇಳಲಿಲ್ಲವೆಂದು ತಮ್ಮನ್ನು ಕೇಳಿಕೊಳ್ಳಲಿ. ಅಪಾಯವಿರುವಲ್ಲಿಂದ ಹೊರಬರುವುದು ಮೊದಲು. ಕ್ಷಮೆ, ಪ್ರಾರ್ಥನೆಗಳ ಮಾತು ಆಮೇಲೆ, ಅದೂ ಆಕೆಗೆ ಬೇಕೆನಿಸಿದಾಗ.

ಮನಸ್ಸು ಪೂರ್ತಿ ಕುಸಿದಿದೆ, ಬದುಕುವುದೇ ಬೇಡವೆನಿಸುತ್ತದೆ. ನಂಬಿಕೆ ಗಟ್ಟಿ ಮಾಡಿಕೊಂಡರೆ ಸರಿಹೋಗುತ್ತದೆಯೇ?

ದಯವಿಟ್ಟು ಇವತ್ತೇ ವೈದ್ಯರನ್ನು ಅಥವಾ ನಂಬಿಗಸ್ತರೊಬ್ಬರನ್ನು ಕಾಣಿರಿ, ಆ ಆಲೋಚನೆಯನ್ನು ಬಾಯಿಬಿಟ್ಟು ಹೇಳಿರಿ, ಒಬ್ಬರೇ ಇರಬೇಡಿ. ವಾರಗಟ್ಟಲೆ ನಿದ್ದೆ ಹೋಗಿದ್ದರೆ, ಊಟ ಸೇರದಿದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ಮನಸ್ಸು ನಿಲ್ಲದಿದ್ದರೆ ಅದು ಖಿನ್ನತೆಯಾಗಿರಬಹುದು. ಖಿನ್ನತೆ ಕಾಯಿಲೆ, ಭಕ್ತಿಯ ದೋಷವಲ್ಲ. ಅದಕ್ಕೆ ಚಿಕಿತ್ಸೆಯಿದೆ. ಮುರಿದ ಮೂಳೆಗೆ ಕಟ್ಟು ಹಾಕಿಸಿಕೊಂಡು ಪ್ರಾರ್ಥಿಸುವಂತೆಯೇ ಇಲ್ಲಿಯೂ ಮಾತ್ರೆ, ಆಪ್ತಸಮಾಲೋಚನೆ ಮತ್ತು ಪ್ರಾರ್ಥನೆ ಒಟ್ಟಿಗೆ ನಡೆಯಬಹುದು.

ನಂಬಿಕೆಯೇ ಹೊರಟುಹೋಗಿದೆ ಎನಿಸುತ್ತಿದೆ. ಇನ್ನು ಹಿಂದಿರುಗುವ ದಾರಿಯಿದೆಯೇ?

ನಂಬಿಕೆ ಹೋಗುವುದಕ್ಕೂ ನಂಬಿಕೆಯ ಅನುಭವ ಹೋಗುವುದಕ್ಕೂ ಭೇದವಿದೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡ ಹತ್ತು ವರ್ಷಗಳ ನಂತರ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಓದಿದವರು ಬೆರಗಾದರು. ದಶಕಗಳ ಕಾಲ ದೇವರ ಸಾನ್ನಿಧ್ಯ ತಮ್ಮ ಅನುಭವಕ್ಕೇ ಬರುತ್ತಿಲ್ಲವೆಂದು, ಒಳಗೆಲ್ಲ ಕತ್ತಲೆಯೆಂದು ಅವರು ತಮ್ಮ ಧರ್ಮಗುರುಗಳಿಗೆ ಬರೆದುಕೊಂಡಿದ್ದರು. ಆ ವರ್ಷಗಳುದ್ದಕ್ಕೂ ಅವರು ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತರು, ರೋಗಿಗಳ ಬಳಿಗೆ ಹೋದರು. ಅವರನ್ನು ನಂಬಿಕೆಯಿಲ್ಲದವರೆನ್ನಬೇಕೇ, ಎಲ್ಲರಿಗಿಂತ ಹೆಚ್ಚು ನಂಬಿದವರೆನ್ನಬೇಕೇ?

ಈ ಸ್ಥಿತಿಗೆ ಕತ್ತಲ ರಾತ್ರಿ ಎಂಬ ಹೆಸರು ಬಂದದ್ದು ಸ್ಪೇನಿನ ಸಂತ, ಶಿಲುಬೆಯ ಯೋಹಾನನ ಕಾವ್ಯದಿಂದ. ಆತನನ್ನು 1577ರ ಡಿಸೆಂಬರಿನಲ್ಲಿ ಹಿಡಿದು ಟೊಲೆಡೊದ ಮಠವೊಂದರ ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿದವರು ಹೊರಗಿನ ಶತ್ರುಗಳಲ್ಲ, ಆತನದೇ ಸಂಘದ ಸನ್ಯಾಸಿಗಳು. 1578ರ ಆಗಸ್ಟಿನಲ್ಲಿ ತಪ್ಪಿಸಿಕೊಂಡು ಹೊರಬಂದಾಗ ಆತನ ಬಳಿ ಇದ್ದದ್ದು ಸೆರೆಯಲ್ಲಿ ಹುಟ್ಟಿದ ಪದ್ಯಗಳು. ನಂಬಿದ ಜನರಿಂದಲೇ, ಮಠಮಂದಿರಗಳಿಂದಲೇ ಪೆಟ್ಟು ತಿಂದು ದೇವರಿಂದ ದೂರ ಸರಿದವರಿಗೆ ಆತನ ನೆನಪು ಆಸರೆಯಾದೀತು.

ನಿಮ್ಮ ನಂಬಿಕೆ ಹಿಂದಿರುಗಬಹುದು. ಹಿಂದಿರುಗಿದರೆ ಮೊದಲಿನ ರೂಪದಲ್ಲಿ ಬರುವುದು ಅಪರೂಪ. ಸಾಮಾನ್ಯವಾಗಿ ಅದು ಮೊದಲಿಗಿಂತ ಕಡಿಮೆ ಮಾತಾಡುತ್ತದೆ.

ಕಷ್ಟ ಅನಿರೀಕ್ಷಿತವಾದರೆ ಅದಕ್ಕೆ ಮೊದಲೇ ಸಿದ್ಧರಾಗುವುದು ಸಾಧ್ಯವೇ?

ಯಾವ ಕಷ್ಟ ಬರುತ್ತದೆಂದು ಊಹಿಸಿ ಸಿದ್ಧರಾಗುವುದು ಸಾಧ್ಯವಿಲ್ಲ, ಮಾಡಲೂಬಾರದು. ಅದು ಬಾರದ ಮಳೆಗೆ ವರ್ಷವಿಡೀ ಕೊಡೆ ಬಿಚ್ಚಿಕೊಂಡು ತಿರುಗಿದಂತೆ. ಪುರಂದರದಾಸರ ‘ಈಸಬೇಕು ಇದ್ದು ಜೈಸಬೇಕು’ ಎಂಬ ಪದದಲ್ಲಿ ಬರುವ ಈಸುವಿಕೆ ಇಲ್ಲಿ ಸರಿಯಾಗಿ ಹೊಂದುತ್ತದೆ. ಈಜುವವನು ನೀರನ್ನು ಬತ್ತಿಸುವುದಿಲ್ಲ, ನೀರಿನೊಡನೆ ಹೋರಾಡಿ ದಣಿಯುವುದೂ ಇಲ್ಲ. ನೀರಿನಲ್ಲಿಯೇ ಇದ್ದು ಮುಳುಗದಿರುತ್ತಾನೆ. ಹಾಗೆಂದು ಈಜು ಕಲಿಯಲು ಪ್ರವಾಹ ಬರುವ ದಿನ ಸೂಕ್ತವಲ್ಲ. ನೆಮ್ಮದಿಯ ದಿನಗಳಲ್ಲಿ ಹತ್ತು ನಿಮಿಷ ಮೌನವಾಗಿ ಕೂರುವ ಅಭ್ಯಾಸ, ಇನ್ನೊಬ್ಬರ ಕಷ್ಟಕ್ಕೆ ಹೋಗಿ ನಿಲ್ಲುವ ರೂಢಿ, ಸಹಾಯ ಕೇಳಲು ನಾಚದ ಸ್ವಭಾವ, ಇವೆಲ್ಲ ಈಜಿನ ಪಾಠಗಳೇ. ಕೊನೆಯದು ನನಗೆ ಇನ್ನೂ ಪೂರ್ತಿ ಬಂದಿಲ್ಲ.

ಕುರ್‌ಆನಿನ 94ನೆಯ ಅಧ್ಯಾಯದಲ್ಲಿ ಕಷ್ಟದೊಂದಿಗೆ ಸರಾಗವಿದೆ ಎಂಬ ಮಾತು ಎರಡು ಬಾರಿ ಬರುತ್ತದೆ. ಅರಬ್ಬಿಯಲ್ಲಿ ಅಲ್ಲಿರುವ ಪದಕ್ಕೆ ‘ಜೊತೆಗೆ’ ಎಂದು ಅರ್ಥ. ಕಷ್ಟವೆಲ್ಲ ಕಳೆದ ಮೇಲೆ ಎಂದೋ ಬರುವ ಸುಖದ ಮಾತಾಗಿದ್ದರೆ ಕಾಯುವುದೊಂದೇ ಕೆಲಸವಾಗುತ್ತಿತ್ತು. ಜೊತೆಗೇ ಇದೆ ಎಂದಾಗ ಕಷ್ಟದ ಮಧ್ಯದಲ್ಲಿಯೇ ಅದನ್ನು ಹುಡುಕಿ ಗುರುತಿಸಬೇಕಾಗುತ್ತದೆ. ನನ್ನ ಪಾಲಿಗೆ ಅದು ಅರ್ಧ ಶಾಲಾಗಿತ್ತು.

ಕಷ್ಟದಲ್ಲಿರುವವರಿಗೆ ಏನು ಹೇಳಬೇಕು?

ಮೊದಲು ಏನೂ ಹೇಳಬೇಡಿ. ಯೋಬನ ಗೆಳೆಯರು ಬಂದಾಗ ಅವನ ಗುರುತೇ ಸಿಗದಂತಾಗಿತ್ತು. ಅವರು ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನೊಂದಿಗೆ ಕೂತರು. ಅಷ್ಟು ಒಳ್ಳೆಯ ಕೆಲಸವನ್ನು ಆ ಗೆಳೆಯರು ಇಡೀ ಕಥೆಯಲ್ಲಿ ಇನ್ನೊಮ್ಮೆ ಮಾಡಲಿಲ್ಲ. ಎಂಟನೆಯ ದಿನ ಬಾಯಿ ತೆರೆದು ಕೆಟ್ಟರು.

ಏನಾದರೂ ಬೇಕಿದ್ದರೆ ಹೇಳಿ ಎನ್ನುವುದು ಸೌಜನ್ಯದ ಮಾತೇ ಆದರೂ, ಏನು ಬೇಕೆಂದು ಯೋಚಿಸಿ ಹೇಳುವ ಭಾರವನ್ನು ಅದು ಕಷ್ಟದಲ್ಲಿರುವವರ ಮೇಲೆಯೇ ಹಾಕುತ್ತದೆ. ನಾಳೆ ಸಂಜೆ ನಾಲ್ಕರಿಂದ ಏಳರವರೆಗೆ ಆಸ್ಪತ್ರೆಯಲ್ಲಿ ನಾನು ಕೂರುತ್ತೇನೆ, ನೀವು ಹೋಗಿ ಮಲಗಿ ಎನ್ನುವುದು ಉತ್ತಮ. ಮೂರು ತಿಂಗಳ ನಂತರ, ಎಲ್ಲರೂ ಮರೆತ ಹೊತ್ತಿನಲ್ಲಿ ಮಾಡುವ ಒಂದು ಫೋನ್ ಕರೆ ಮೊದಲ ವಾರದ ಹತ್ತು ಭೇಟಿಗಳಿಗೆ ಸಮ. ತೀರಿಕೊಂಡವರ ಹೆಸರು ಹಿಡಿದು ಮಾತಾಡಲು ಹೆದರಬೇಡಿ. ಮನೆಯವರು ಅವರನ್ನು ಮರೆತಿದ್ದು ನೀವು ನೆನಪಿಸಿದಂತೆ ಆಗುವುದಿಲ್ಲ.

ಮಕ್ಕಳಿಗೆ ಹೇಗೆ ತಿಳಿಸುವುದು?

ನೇರವಾಗಿ, ಅವರ ವಯಸ್ಸಿಗೆ ಅರ್ಥವಾಗುವ ಮಾತಿನಲ್ಲಿ, ಸುಳ್ಳು ಹೇಳದೆ. ಅಜ್ಜ ನಿದ್ದೆ ಮಾಡುತ್ತಿದ್ದಾರೆ ಎಂದರೆ ಮಗು ನಿದ್ದೆಗೇ ಹೆದರೀತು. ಒಳ್ಳೆಯವರೆಂದು ದೇವರು ಬೇಗ ಕರೆದುಕೊಂಡ ಎಂದರೆ ಒಳ್ಳೆಯವರಾಗಲು ಹೆದರೀತು. ದೇವರು ಏಕೆ ಹೀಗೆ ಮಾಡಿದ ಎಂದು ಮಗು ಕೇಳಿದರೆ, ನನಗೂ ಗೊತ್ತಿಲ್ಲ, ನಾನೂ ಕೇಳುತ್ತಿದ್ದೇನೆ ಎಂದು ಹೇಳಬಹುದು.

ಕಷ್ಟ ಪರಿಹಾರ ಮಾಡಿಕೊಡುತ್ತೇವೆಂದು ಹಣ ಕೇಳುವವರನ್ನು ನಂಬಬಹುದೇ?

ಬೇಡ. ಇಷ್ಟು ಕೊಟ್ಟರೆ ಇಂಥ ದಿನದೊಳಗೆ ಕಾಯಿಲೆ ವಾಸಿ ಎಂದು ಗಡುವು ಹಾಕುವವರು, ಔಷಧ ನಿಲ್ಲಿಸಿ ಎನ್ನುವವರು, ಮನೆಯವರಿಗೆ ಹೇಳಬೇಡಿ ಎನ್ನುವವರು ಯಾವ ಮತದ ಉಡುಪಿನಲ್ಲಿದ್ದರೂ ದೂರವಿಡಿ.

ಕಷ್ಟ ಕಳೆದಿದೆ, ಆದರೆ ಭಯ ಹೋಗಿಲ್ಲ. ಇದು ಅಪನಂಬಿಕೆಯೇ?

ದೇಹ ಮನಸ್ಸಿಗಿಂತ ನಿಧಾನವಾಗಿ ಕಲಿಯುತ್ತದೆ, ನಿಧಾನವಾಗಿ ಮರೆಯುತ್ತದೆ. ಒಮ್ಮೆ ಮುಳುಗಿ ಎದ್ದವನಿಗೆ ಮೊಣಕಾಲಿನ ನೀರಿಗೂ ಎದೆ ಝಲ್ಲೆನ್ನುತ್ತದೆ. ಅದಕ್ಕೆ ಅಪನಂಬಿಕೆಯ ಹೆಸರು ಕೊಟ್ಟು ತಮ್ಮನ್ನು ತಾವು ದಂಡಿಸಿಕೊಳ್ಳಬಾರದು. ಭಯ ದಿನನಿತ್ಯದ ಕೆಲಸಕ್ಕೇ ಅಡ್ಡಬರುವಷ್ಟಿದ್ದರೆ ತಜ್ಞರನ್ನು ಕಾಣಬೇಕು. ಇಲ್ಲದಿದ್ದರೆ ಅದಕ್ಕೆ ಕಾಲಾವಕಾಶ ಕೊಡಬೇಕು.

ತಂದೆಯವರು ಹೋಗಿ ಆರು ವರ್ಷಗಳಾದವು. ನಡುರಾತ್ರಿಯಲ್ಲಿ ಫೋನ್ ಸದ್ದಾದರೆ ಈಗಲೂ ಮೊದಲ ರಿಂಗಿಗೇ ಎದ್ದು ಕೂರುತ್ತೇನೆ, ಕೈ ತಣ್ಣಗಾಗಿರುತ್ತದೆ. ಹೆಚ್ಚಿನ ಸಲ ಅದು ತಪ್ಪು ಸಂಖ್ಯೆಯ ಕರೆ. ಫೋನ್ ಕೆಳಗಿಟ್ಟು, ತಾಳು ಮನವೇ ಎಂದು ಒಂದೆರಡು ಸಲ ಹೇಳಿಕೊಳ್ಳುತ್ತೇನೆ. ಕೆಲವು ರಾತ್ರಿ ಮತ್ತೆ ನಿದ್ದೆ ಬರುತ್ತದೆ, ಕೆಲವು ರಾತ್ರಿ ಬರುವುದಿಲ್ಲ.